ಉ: ‘ವಯಸ್ಸು 23, ಚಿಕ್ಕವನು’ ಅಂತ ನ್ಯೂಜೆರ್ಸಿಯಲ್ಲಿ ಕೆಲಸ ಕೊಡಲಿಲ್ಲ, ಇಇಒಸಿಗೆ (ಉದ್ಯೋಗ ತಾರತಮ್ಯದ ದೂರು ನೋಡುವ ಅಮೆರಿಕದ ಫೆಡರಲ್ ಆಯೋಗ) ದೂರು ಕೊಡಬಹುದೇ?

ವಯಸ್ಸಿನ ವಿಷಯಕ್ಕೆ ಇಇಒಸಿ ಬಾಗಿಲು ತಟ್ಟಬೇಡಿ. 1967ರ ಫೆಡರಲ್ ವಯೋತಾರತಮ್ಯ ಕಾಯ್ದೆ ರಕ್ಷಿಸುವುದು 40 ತುಂಬಿದವರನ್ನು ಮಾತ್ರ. ಆದರೆ ನ್ಯೂಜೆರ್ಸಿಯ ರಾಜ್ಯ ಕಾನೂನು ನಿಮ್ಮ ಪರ ಇದೆ: ತೀರಾ ಚಿಕ್ಕವನೆಂದು ಕೆಲಸ ಕಳೆದುಕೊಂಡ 25ರ ಬ್ಯಾಂಕ್ ಅಧಿಕಾರಿ ಸಿಸ್ಲರ್ ಮೊಕದ್ದಮೆಯಲ್ಲಿ, ಅದು ಕಿರಿಯರಿಗೂ ಅನ್ವಯಿಸುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ.

ರಾಜ್ಯದ ನಾಗರಿಕ ಹಕ್ಕುಗಳ ವಿಭಾಗಕ್ಕೆ 180 ದಿನಗಳೊಳಗೆ ದೂರು ಕೊಡಿ. ನೇರ ಕೋರ್ಟಿಗಾದರೆ 2 ವರ್ಷ. ಹೆಚ್ಚಿನವರು ಸೋಲುವುದು ಸಾಕ್ಷಿಯಲ್ಲಿ. ‘ಅನುಭವ ಸಾಲದು’ ಎನ್ನುವುದು ವಯೋತಾರತಮ್ಯವಲ್ಲ, ‘ವಯಸ್ಸು ಸಾಲದು’ ಎಂಬ ಮಾತೇ ಮುಖ್ಯ. ಅದು ಫೋನಿನಲ್ಲಿ ಬಂದಿದ್ದರೆ ಇವತ್ತೇ ಇಮೇಲ್ ಹಾಕಿ: ‘ನನ್ನ ವಯಸ್ಸಿನ ಕಾರಣಕ್ಕೆ ಆಯ್ಕೆಯಾಗಲಿಲ್ಲ ಎಂದಿರಿ, ಸರಿಯೇ?’ ಉತ್ತರ ಬರದಿದ್ದರೂ ದಿನಾಂಕದ ದಾಖಲೆ ಉಳಿಯುತ್ತದೆ. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಡಿ, ಬೇಗ ಅಳಿಸಿಬಿಡುತ್ತಾರೆ.