ಹುಟ್ಟಿದ ದಿನವೋ, ತೆರೆ ಕಂಡ ದಿನವೋ?

‘ಡಿಸೆಂಬರ್ 28ರ “ಈ ದಿನ” ಅಂಕಣದಲ್ಲಿ ಡೆಂಜೆಲ್ ವಾಷಿಂಗ್ಟನ್, ಮ್ಯಾಗಿ ಸ್ಮಿತ್, ಸ್ಟ್ಯಾನ್ ಲೀ ಮೂವರ ಹುಟ್ಟುಹಬ್ಬವನ್ನೂ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಯಾವ ಕಾಲದ್ದೋ ಒಂದು ಸಿನಿಮಾ ಪ್ರದರ್ಶನಕ್ಕೆ ಅರ್ಧ ಪುಟ! ನಮಗೆ ಬೇಕಿರುವುದು ಕಲಾವಿದರು, ಇತಿಹಾಸದ ಪಾಠವಲ್ಲ.’ (ಓದುಗರೊಬ್ಬರ ಪತ್ರದಿಂದ)

ಉತ್ತರ: ಮೆಚ್ಚಿನ ನಟನ ಹುಟ್ಟುಹಬ್ಬ ಅಭಿಮಾನಿಗೆ ದೊಡ್ಡ ಸಂಭ್ರಮ, ಒಪ್ಪುತ್ತೇನೆ. ಆದರೆ ಹುಟ್ಟಿದ್ದರಲ್ಲಿ ಯಾರ ಸಾಧನೆ ಏನಿದೆ?

1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರ್ಯಾಂಡ್ ಕೆಫೆಯ ನೆಲಮಾಳಿಗೆಯಲ್ಲಿ 33 ಜನ ತಲಾ ಒಂದು ಫ್ರಾಂಕ್ ಕೊಟ್ಟು ಕೂತರು. ನೋಡಿದ್ದು ಲೂಮಿಯೇರ್ ಸಹೋದರರ ಹತ್ತು ಚಿತ್ರಗಳನ್ನು. ಒಂದೊಂದೂ ನಿಮಿಷಕ್ಕಿಂತ ಕಡಿಮೆ. ಅಂದು ತೆರೆಯ ಮೇಲೆ ಮೊದಲು ನಡೆದು ಬಂದವರು ಕೆಲಸ ಮುಗಿಸಿ ಹೊರಬಿದ್ದ ಕಾರ್ಖಾನೆಯ ಕಾರ್ಮಿಕರು! ಪ್ರದರ್ಶನ ಏರ್ಪಡಿಸಿದ್ದು ಸಹೋದರರ ತಂದೆ ಆಂಟ್ವಾನ್, ಯಂತ್ರದ ಹಿಡಿ ತಿರುಗಿಸಿದ್ದು ಮೋಯಿಸೋಂ ಎಂಬ ಮೆಕ್ಯಾನಿಕ್. ನೋಡಲು ಬಂದವರಲ್ಲಿ ಜಾದೂಗಾರ ಜಾರ್ಜ್ ಮೆಲಿಯೆಸ್ ಇದ್ದರು. ಮುಂದಿನ ವರ್ಷವೇ ಅವರೂ ಚಿತ್ರ ತೆಗೆಯತೊಡಗಿದರು. ಇಷ್ಟು ಜನರನ್ನು ಒಟ್ಟಿಗೆ ನೆನೆಯುವುದಕ್ಕೆ ಯಾವ ಹುಟ್ಟುಹಬ್ಬದಲ್ಲಿ ಜಾಗವಿದೆ, ಹೇಳಿ.

ಅದನ್ನು ನಾವು ‘ಮೊಟ್ಟಮೊದಲ ಪ್ರದರ್ಶನ’ ಎಂದು ಬರೆದಿಲ್ಲ, ಗಮನಿಸಿರಬಹುದು. ಆ ವರ್ಷದ ನವೆಂಬರ್ 1ಕ್ಕೇ ಬರ್ಲಿನ್ನಿನಲ್ಲಿ ಸ್ಕ್ಲಾಡನೋವ್‌ಸ್ಕಿ ಸಹೋದರರು ಚಲಿಸುವ ಚಿತ್ರ ತೋರಿಸಿದ್ದರು. ರೈಲು ಮೈಮೇಲೆ ಬಂತೆಂದು ಪ್ರೇಕ್ಷಕರು ಎದ್ದು ಓಡಿದ ಕಥೆಯನ್ನೂ ಡಿಸೆಂಬರ್ 28ಕ್ಕೆ ಅಂಟಿಸುವುದು ಪ್ರತಿವರ್ಷದ ಚಾಳಿ. ಆ ರೈಲಿನ ಚಿತ್ರ ಅಂದಿನ ಹತ್ತರಲ್ಲಿ ಇರಲೇ ಇಲ್ಲ! ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯುವುದು ನಮ್ಮ ಪತ್ರಿಕಾವೃತ್ತಿಗೆ ಹಿಡಿದ ರೋಗ.

ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನ ಲೇಖಕ ಸ್ಟ್ಯಾನ್ ಲೀ ಹುಟ್ಟಿದ್ದು 1922ರ ಡಿಸೆಂಬರ್ 28ಕ್ಕೆ. ಆ ದಿನ ಸ್ಪೈಡರ್‌ಮ್ಯಾನ್ ಚಿತ್ರ ಎಲ್ಲೆಲ್ಲೂ. ಅವನಿಗೆ ಆ ಮುಖವಾಡ, ಆ ಮೈಕಟ್ಟು ಕೊಟ್ಟು ಚಿತ್ರ ಬರೆದ ಸ್ಟೀವ್ ಡಿಟ್ಕೊ ಹೆಸರು ಎಷ್ಟು ಕಡೆ ಕಾಣುತ್ತದೆ? 1962ರಲ್ಲಿ ಆ ಕಾಮಿಕ್ಸ್ ಹೊರಬಂದ ದಿನವನ್ನು ನೆನೆದರೆ ಇಬ್ಬರೂ ಜೊತೆಗೇ ಬರುತ್ತಾರೆ.

ಸಂಗೀತಗಾರ ರವೆಲ್ ತೀರಿಕೊಂಡದ್ದೂ ಇದೇ ತಾರೀಖು, 1937ರಲ್ಲಿ. ನನಗೆ ಪ್ರಿಯವಾದದ್ದು 1928ರ ನವೆಂಬರ್ 22: ಪ್ಯಾರಿಸ್ ಒಪೇರಾದಲ್ಲಿ ಅವರ ‘ಬೊಲೆರೊ’ ರಂಗವೇರಿದ ದಿನ. ಆ ಕೃತಿಯನ್ನು ಬರೆಸಿ, ತಾವೇ ಕುಣಿದವರು ಇಡಾ ರೂಬಿನ್‌ಸ್ಟೈನ್. ನೃತ್ಯ ಸಂಯೋಜಿಸಿದ್ದು ಬ್ರೊನಿಸ್ಲಾವಾ ನಿಜಿನ್‌ಸ್ಕಾ. ಈ ಇಬ್ಬರು ಹೆಂಗಸರನ್ನು ಬಿಟ್ಟು ‘ಬೊಲೆರೊ’ ಬಗ್ಗೆ ಬರೆಯುವವರ ಮೇಲೆ ನನಗೆ ಸಿಟ್ಟಿದೆ.

ತಾರೆಯರ ಪ್ರಚಾರದವರು ಹುಟ್ಟುಹಬ್ಬಕ್ಕೆ ಫೋಟೊ, ಬರಹ ಎರಡನ್ನೂ ಸಿದ್ಧವಾಗಿ ಕಳಿಸುತ್ತಾರೆ. ಪುಟ ತುಂಬಿಸುವುದು ಸಲೀಸು. ಛಾಯಾಗ್ರಾಹಕ, ಸಂಕಲನಕಾರ, ವಸ್ತ್ರವಿನ್ಯಾಸಕಿಯ ಹೆಸರು ಓದುಗರಿಗೆ ಮೊದಲ ಸಲ ಗೊತ್ತಾಗುವುದು ನಿಧನ ವಾರ್ತೆಯಲ್ಲಿ. ಇಷ್ಟು ಅಕ್ಕರೆಯಿಂದ ಸಿನಿಮಾ ನೋಡುವ ನಿಮ್ಮಂಥವರು ಇದನ್ನು ಸಹಿಸಬಾರದು.

ವಾಷಿಂಗ್ಟನ್ ಅವರನ್ನು ನಾವು ಬಿಡುವುದಿಲ್ಲ. ಅವರು ನಟಿಸಿದ ‘ಮಾಲ್ಕಮ್ ಎಕ್ಸ್’ ಬಿಡುಗಡೆಯಾದದ್ದು 1992ರ ನವೆಂಬರ್ 18ಕ್ಕೆ. ಮುಂದಿನ ಸಲ ಆ ತಾರೀಖಿನ ಅಂಕಣದಲ್ಲಿ ಅವರ ದೊಡ್ಡ ಚಿತ್ರವೇ ಇರುತ್ತದೆ. ಪಕ್ಕದಲ್ಲಿ ನಿರ್ದೇಶಕ ಸ್ಪೈಕ್ ಲೀ, ಕ್ಯಾಮೆರಾ ಹಿಡಿದ ಅರ್ನೆಸ್ಟ್ ಡಿಕರ್ಸನ್, ವಸ್ತ್ರವಿನ್ಯಾಸದ ರೂತ್ ಕಾರ್ಟರ್ ಕೂಡ ಇರುತ್ತಾರೆ. ಓದಿ ಮತ್ತೆ ಬರೆಯಿರಿ.

– ಸಂಪಾದಕ