ಅಮ್ಮ ಎಲ್ಲವನ್ನೂ ಮನೆಯವರಿಗೇ ಕೊಡುತ್ತಾರೆ, ಅದರಲ್ಲಿ ಅವರಿಗೆ ನಿಜವಾಗಿಯೂ ಖುಷಿ ಇರುತ್ತದಾ?

ನಿಮ್ಮ ಪ್ರಶ್ನೆ ಓದಿ ನಿನ್ನೆಯಿಂದ ಅದೇ ಯೋಚನೆ. ಅಮ್ಮ ತನಗೆಂದು ಏನೂ ಇಟ್ಟುಕೊಳ್ಳುವುದಿಲ್ಲ, ಎಲ್ಲ ನಮಗೇ ಕೊಡುತ್ತಾರೆ, ಅದು ಖುಷಿಯಾ ಅಥವಾ ಸುಮ್ನೆ ಸಹಿಸಿಕೊಳ್ಳುವುದಾ, ನಾವು ತಡೆಯಬೇಕಾ ಅಂತ ಕೇಳಿದ್ದೀರಿ. ಖುಷಿ ನಿಜ. ತಡೆಯಲು ಹೋಗಬೇಡಿ. ನಾವು ಮಕ್ಕಳು ಒಮ್ಮೆ ತಡೆದು ತಪ್ಪು ಮಾಡಿದ್ದೇವೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮುಂದೆ ಅಡಿಕೆ ತೋಟ, ಹಿಂದೆ ಮುರಕಲ್ಲಿನ ಗುಡ್ಡೆ. ಆ ಗುಡ್ಡೆಗೆ ಕೊರೆದ ಸುರಂಗದಿಂದಲೇ ನಮಗೆ ನೀರು. ತೋಟದ ದುಡ್ಡು ಅಪ್ಪನ ಲೆಕ್ಕ. ಗುಡ್ಡೆಯ ಗೇರುಬೀಜದ ದುಡ್ಡು ಮಾತ್ರ ಅಮ್ಮನದು. ಮಾರ್ಚಿನಿಂದ ಮೇ ತನಕ ಬೆಳಗ್ಗೆ ಬೇಗ ಎದ್ದು ಬುಟ್ಟಿ ಹಿಡಿದು ಗುಡ್ಡೆ ಹತ್ತುತ್ತಿದ್ದಳು. ಬಿದ್ದ ಹಣ್ಣು ಹೆಕ್ಕಿ, ಬೀಜ ತಿರುಚಿ ತೆಗೆದು, ಅಂಗಳದಲ್ಲಿ ಒಣಗಿಸುತ್ತಿದ್ದಳು. ಗೇರಿನ ಸೊನೆ ತಾಗಿ ಬೆರಳ ತುದಿಯ ಚರ್ಮ ಏಳುತ್ತಿತ್ತು. ರಾತ್ರಿ ತೆಂಗಿನೆಣ್ಣೆ ಹಚ್ಚಿಕೊಂಡು ಅದೇ ಕೈಯಲ್ಲಿ ನಮ್ಮ ತಲೆ ಬಾಚುತ್ತಿದ್ದಳು. ಆ ಒರಟು ಬೆರಳು ತಲೆಗೆ ತಾಗುತ್ತಿದ್ದದ್ದು ಇವತ್ತಿಗೂ ನೆನಪಿದೆ.

ನಮ್ಮಲ್ಲಿ ಶಾಲೆ ಶುರುವಾಗುವುದು ಜೂನ್ 1ಕ್ಕೆ. ಮಳೆ ಹಿಡಿಯುವುದೂ ಅದೇ ಹೊತ್ತಿಗೆ. ಗೇರುಬೀಜದ ದುಡ್ಡಲ್ಲಿ ಮೂವರು ಮಕ್ಕಳಿಗೂ ಹೊಸ ಕೊಡೆ ಬರುತ್ತಿತ್ತು. ಅಮ್ಮ ಮಾತ್ರ ಗೋಣಿಚೀಲ ಮಡಚಿದ ಕೊಪ್ಪೆ ತಲೆಗೆ ಹಾಕಿಕೊಂಡು ತೋಟಕ್ಕೆ ಹೋಗುತ್ತಿದ್ದಳು.

ನನಗೆ ಮಂಗಳೂರಲ್ಲಿ ಕೆಲಸ ಸಿಕ್ಕಿದಾಗ ಮೊದಲ ಸಂಬಳದಲ್ಲಿ ಅಮ್ಮನಿಗೆ ಒಂದು ಒಳ್ಳೆಯ ಕೊಡೆ ತಂದೆ. ಮುಂದಿನ ತಿಂಗಳು ಹೋಗಿ ನೋಡಿದರೆ ಅದು ಅಕ್ಕನ ಕೈಯಲ್ಲಿ. ನನಗೆ ಸಿಟ್ಟು ಬಂತು, ಅಳುವೂ ಬಂತು. ಅಮ್ಮ ಅಡಿಕೆ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತಿ, "ನಂಗೆ ಕೊಡೆ ಕೊಡುವಾಗ ನಿಂಗೆ ಖುಷಿ ಆಯ್ತಲ್ಲ? ನಂಗೂ ಹಾಗೇ ಆಯ್ತು ಮಾರಾಯ್ತಿ" ಎಂದಳು. ಅಷ್ಟೇ. ಮತ್ತೆ ಸುಲಿಯತೊಡಗಿದಳು.

ಇದು ನನಗೆ ಅರ್ಥವಾಗಲು ತುಂಬ ವರ್ಷ ಬೇಕಾಯಿತು. ಕೆಲವು ವರ್ಷಗಳ ಹಿಂದೆ ಅಮ್ಮನಿಗೆ ಮಂಡಿನೋವು ಜಾಸ್ತಿಯಾಯಿತು. ನಾವು ಮೂವರೂ ಸೇರಿ ತೀರ್ಮಾನ ಮಾಡಿದೆವು: ಪ್ರತಿ ಬೇಸಗೆ ನಮಗಾಗಿ ಮಾಡುವ ಹಪ್ಪಳ ಅವಳಿಗೆ ಇನ್ನು ಬೇಡ, ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಕಡೆ ಹಲಸಿನ ಹಪ್ಪಳ ಅಂದರೆ ಸಣ್ಣ ಕೆಲಸ ಅಲ್ಲ. ಬೆಳೆದ ಕಾಯಿಯನ್ನು ಹಣ್ಣಾಗುವ ಮೊದಲೇ ಕೀಳಬೇಕು. ಕತ್ತಿಗೂ ಕೈಗೂ ಎಣ್ಣೆ ಹಚ್ಚಿ ಮೇಣ ಬಿಡಿಸಬೇಕು. ಸೊಳೆ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು ಮೆಣಸು ಸೇರಿಸಿ ಗುದ್ದಬೇಕು, ಉಂಡೆ ಮಾಡಿ ಒತ್ತಬೇಕು, ಚಾಪೆಯಲ್ಲಿ ಹರಡಿ ಬಿಸಿಲಿಗೆ ಇಡಬೇಕು. ಮೋಡ ಕಂಡರೆ ಓಡಿ ಒಳಗೆ ತರಬೇಕು. ಇದೆಲ್ಲ ಅವಳಿಗೆ ಯಾಕೆ ಅಂತ ನಾವು ನಿಲ್ಲಿಸಿದೆವು. ಪ್ರೀತಿಯಿಂದಲೇ ಮಾಡಿದ್ದು ಅದು.

ಆ ಬೇಸಗೆ ಅಮ್ಮ ಬಾಡಿಹೋದಳು. ಫೋನಲ್ಲಿ ಮಾತು ಕಮ್ಮಿ. ಊರಿಗೆ ಹೋದಾಗ ಹಲಸಿನ ಮರದ ಬುಡದಲ್ಲಿ ಹಣ್ಣು ಬಿದ್ದು ಕೊಳೆತು ನೊಣ ಮುತ್ತಿತ್ತು. ನಾನು ಹೊರಡುವ ಹೊತ್ತಿಗೆ ಅವಳು ಅಡುಗೆಮನೆಗೆ ಹೋದಳು, ಒಂದು ಡಬ್ಬಿ ತೆರೆದಳು, ಮುಚ್ಚಿದಳು, ಬರಿಗೈಯಲ್ಲಿ ಹೊರಗೆ ಬಂದಳು. "ನಿಂಗೆ ಕೊಡ್ಲಿಕ್ಕೆ ಎಂತದೂ ಇಲ್ಲ ಈ ಸರ್ತಿ" ಎಂದಳು. ಆ ಮುಖ ನೋಡಿದ ಮೇಲೆ ಅದು ಖುಷಿಯಾ ಅಂತ ನಾನು ಯಾರನ್ನೂ ಕೇಳಬೇಕಾಗಿ ಬರಲಿಲ್ಲ. ನಾವು ಅವಳ ದಣಿವು ತೆಗೆಯಲು ಹೋಗಿ ಅವಳ ಹಬ್ಬವನ್ನೇ ತೆಗೆದುಬಿಟ್ಟಿದ್ದೆವು.

ಆದರೆ ನಿಮ್ಮ ಅನುಮಾನವೂ ಸುಳ್ಳಲ್ಲ. ಕೊಡುವುದರಲ್ಲಿ ಖುಷಿ ಉಂಟು, ನೋವು ಮುಚ್ಚಿಡುವುದರಲ್ಲಿ ಇಲ್ಲ. ಎರಡೂ ಒಂದೇ ಅಮ್ಮನಲ್ಲಿ ಇರುತ್ತವೆ, ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಅದು ನನಗೆ ಗೊತ್ತಾದದ್ದು ಹೇಗೆ ಅಂತ ಸ್ವಲ್ಪ ಹಿಂದಿನಿಂದ ಹೇಳಬೇಕು. ಅಮ್ಮ ಹುಟ್ಟುವಾಗ ನಮ್ಮೂರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಅವಳು ಓದಿದ್ದು ಕನ್ನಡ ಶಾಲೆಯಲ್ಲಿ, ಏಳನೇ ಕ್ಲಾಸಿನ ತನಕ. ಮಲಯಾಳ ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನಮ್ಮ ಅರ್ಜಿಗಳು, ಬಸ್ಸಿನ ಬೋರ್ಡು ಮಲಯಾಳದಲ್ಲಿ ಇರುತ್ತಿದ್ದವು. ನಲ್ವತ್ತರ ಹತ್ತಿರ ಬಂದಾಗ, ಪಕ್ಕದ ಮನೆಗೆ ಬಂದಿದ್ದ ಮಲಯಾಳಿ ಟೀಚರ ಹತ್ತಿರ ಸ್ಲೇಟು ಹಿಡಿದು ಅಕ್ಷರ ಕಲಿತಳು. ಮೊದಲ ಸಲ ಬದಿಯಡ್ಕ ಪೇಟೆಯಲ್ಲಿ ಬೋರ್ಡು ಓದಿ ನಮ್ಮನ್ನು ಬಸ್ಸು ಹತ್ತಿಸಿದ ದಿನ ಅವಳ ಮುಖ ಎಷ್ಟು ಹೊಳೆಯುತ್ತಿತ್ತು ಗೊತ್ತಾ!

ಅದೇ ಬದಿಯಡ್ಕ ಬಸ್ಸ್ಟ್ಯಾಂಡಿನಲ್ಲಿ, ಹಪ್ಪಳ ನಿಲ್ಲಿಸಿದ ಆ ವರ್ಷವೇ, ಅಮ್ಮ ನನ್ನನ್ನು ಕೇಳಿದಳು: "ಅದು ಎಲ್ಲಿಗೆ ಹೋಗುವ ಬಸ್ಸು?" ಅಕ್ಷರ ಮರೆತಿರಬೇಕು ಅಂದುಕೊಂಡೆ. ಮುಂದಿನ ಬಸ್ಸಿಗೂ ಹಾಗೇ ಕೇಳಿದಳು. ಅದರ ಬೋರ್ಡಿನಲ್ಲಿ ಕನ್ನಡವೂ ಇತ್ತು. ಎದೆ ಧಸಕ್ಕೆಂದಿತು. ಎರಡೂ ಕಣ್ಣಲ್ಲಿ ಪೊರೆ. ತಮ್ಮನ ಮನೆ ಕಟ್ಟುವ ಖರ್ಚಿನ ನಡುವೆ ತನ್ನದೊಂದು ಬೇಡ ಅಂತ ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ಮಂಗಳೂರಿಗೆ ಕರೆದುಕೊಂಡು ಹೋಗಿ ಒಂದೊಂದೇ ಕಣ್ಣಿನ ಆಪರೇಷನ್ ಮಾಡಿಸಿದೆವು. ಅವಳ "ನಂಗೆ ಎಂತದೂ ಬೇಡ" ಎಂಬ ಮಾತನ್ನು ಆಮೇಲೆ ನಾನು ನಂಬಿಲ್ಲ. ನೀವೂ ನಂಬಬೇಡಿ. ಕಣ್ಣು, ಹಲ್ಲು, ಶುಗರ್, ಬಿಪಿ ಇದೆಲ್ಲ ನೀವೇ ಕರೆದುಕೊಂಡು ಹೋಗಿ ತೋರಿಸಿ. ಕೇಳುತ್ತಾ ಕೂರಬೇಡಿ.

ಆದರೆ ಕೊಟ್ಟದ್ದನ್ನು ಬೇಡ ಅನ್ನಬೇಡಿ. ಅವರ ಕೈಯ ಭಾರ ಹಂಚಿಕೊಳ್ಳಿ, ಕೊಡುವುದನ್ನು ಅವರಿಗೇ ಬಿಡಿ.

ಈಗ ನಾವು ಏಪ್ರಿಲ್ ಕೊನೆಗೆ ಎರಡು ದಿನ ರಜೆ ಹಾಕಿ ಊರಿಗೆ ಹೋಗುತ್ತೇವೆ. ತಮ್ಮ ಕಾಯಿ ಕೊಯ್ದು ಕಡಿಯುತ್ತಾನೆ. ನಾನೂ ಅಕ್ಕನೂ ಬೇಯಿಸಿ ಗುದ್ದುತ್ತೇವೆ, ಮಕ್ಕಳು ಒತ್ತುತ್ತಾರೆ. ಅಮ್ಮ ಕುರ್ಚಿಯಲ್ಲಿ ಕೂತು ಉಪ್ಪು ನೋಡುತ್ತಾಳೆ, ಬಿಸಿಲು ನೋಡುತ್ತಾಳೆ. ಒಣಗಿದ ಮೇಲೆ ಐವತ್ತೈವತ್ತು ಎಣಿಸಿ ಬಾಳೆನಾರಲ್ಲಿ ಕಟ್ಟುವುದು ಮಾತ್ರ ಅವಳೇ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಕಳೆದ ವರ್ಷ ನಮ್ಮ ಮೂವರ ಪಾಲು ಕಟ್ಟಿ ಆದ ಮೇಲೆ ಇನ್ನೊಂದು ಕಟ್ಟು ಉಳಿಯಿತು. ಇದು ನಿಂಗೆ ಇರಲಿ ಅಮ್ಮ ಎಂದೆ.

"ಹೇ, ಅದು ಟೀಚರಿಗೆ" ಎಂದಳು. ಕಟ್ಟಿನ ಮೇಲೆ ಒಂದು ಚೀಟಿ ಸಿಕ್ಕಿಸಿ, ಟೀಚರ ಹೆಸರನ್ನು ಮಲಯಾಳದಲ್ಲಿ, ದುಂಡಗೆ, ತಾನೇ ಬರೆದಳು.