ಮಗಳೊಂದಿಗೆ ಶಿವಮೊಗ್ಗಕ್ಕೆ ಹೋಗಿ ನೆಲೆಸಬಹುದೇ?

ಪ್ರಶ್ನೆ: ಎರಡು ವರ್ಷಗಳ ಹಿಂದೆ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಹಿಂದೂ ವಿವಾಹ ಕಾಯ್ದೆಯಡಿ, ಪರಸ್ಪರ ಒಪ್ಪಿಗೆಯಿಂದ ನಮ್ಮ ವಿಚ್ಛೇದನವಾಯಿತು. ಎಂಟು ವರ್ಷದ ಮಗಳು ನನ್ನ ಸುಪರ್ದಿಯಲ್ಲಿದ್ದಾಳೆ. ಪ್ರತಿ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ತಂದೆಯ ಬಳಿ ಇರುತ್ತಾಳೆ. ನ್ಯಾಯಾಲಯದ ಅನುಮತಿಯಿಲ್ಲದೆ ಅವಳ ವಾಸವನ್ನು ಬೆಂಗಳೂರಿನಿಂದ ಬದಲಿಸಬಾರದೆಂದು ಆದೇಶದಲ್ಲಿದೆ. ಈಗ ನನಗೆ ಶಿವಮೊಗ್ಗದಲ್ಲಿ ಉಪನ್ಯಾಸಕಿಯ ಕೆಲಸ ಸಿಕ್ಕಿದೆ. ತವರುಮನೆಯೂ ಅಲ್ಲೇ ಇದೆ. ‘ಮಗು ನಿಮ್ಮ ಹತ್ತಿರವೇ ಇದೆಯಲ್ಲ, ಮೊದಲು ಹೋಗಿ ಶಾಲೆಗೆ ಸೇರಿಸಿ, ಅರ್ಜಿ ಆಮೇಲೆ ಹಾಕಿದರಾಯಿತು’ ಎಂದು ಪರಿಚಿತರು ಹೇಳುತ್ತಾರೆ. ಹಾಗೆ ಮಾಡಬಹುದೇ?
– ಹೆಸರು ಬೇಡ, ಬಸವನಗುಡಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಸುಪರ್ದಿ ನಿಮ್ಮದಾದರೂ ವಾಸಸ್ಥಳ ಬದಲಿಸುವ ಅಧಿಕಾರವನ್ನು ಆದೇಶವು ನ್ಯಾಯಾಲಯದ ಕೈಯಲ್ಲೇ ಇಟ್ಟುಕೊಂಡಿದೆ. ಅದನ್ನು ಮೀರಿದರೆ ನ್ಯಾಯಾಂಗ ನಿಂದನೆಯ ಅರ್ಜಿ ಬರಬಹುದು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಇಂದು ನ್ಯಾಯವಾಗಿ ಕಾಣುವ ನಿಮ್ಮ ಕೋರಿಕೆ ನಾಳೆ ತಂದೆಯಿಂದ ಮಗುವನ್ನು ದೂರ ಮಾಡುವ ಹುನ್ನಾರವಾಗಿ ಕಾಣತೊಡಗುತ್ತದೆ, ಮತ್ತು ಸುಪರ್ದಿಯ ಪ್ರಶ್ನೆಯೇ ಮತ್ತೆ ತೆರೆದುಕೊಳ್ಳುವ ಅಪಾಯವಿರುತ್ತದೆ.

ಆದರೆ ದಾರಿಯಿದೆ. ಮಕ್ಕಳ ಸುಪರ್ದಿಯ ಆದೇಶಗಳು ಕಲ್ಲಿನಲ್ಲಿ ಕೊರೆದವಲ್ಲ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಮು, ಡಿಕ್ರಿ ಆದ ಮೇಲೂ ಅವನ್ನು ಮಾರ್ಪಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. 2010ರಲ್ಲಿ ಸುಪ್ರೀಂ ಕೋರ್ಟ್‌ ಮುಂದೆ ಬಂದ ಪ್ರಕರಣವೊಂದರಲ್ಲಿ, ಒಪ್ಪಿಗೆಯ ವಿಚ್ಛೇದನದ ನಂತರ ಆಸ್ಟ್ರೇಲಿಯಾದಲ್ಲಿ ಉದ್ಯೋಗ ಪಡೆದ ತಾಯಿ ಮಗನನ್ನು ಅಲ್ಲಿಗೆ ಕರೆದೊಯ್ಯಲು ಅನುಮತಿ ಕೇಳಿದ್ದರು. ನ್ಯಾಯಮೂರ್ತಿಗಳು ಬಾಲಕನೊಡನೆ ತಾವೇ ಮಾತನಾಡಿದರು, ಅನುಮತಿಯನ್ನು ಎತ್ತಿಹಿಡಿದರು, ತಂದೆಯ ಭೇಟಿಯ ಹಕ್ಕನ್ನೂ ಉಳಿಸಿದರು. ನೀವು ಕೇಳುತ್ತಿರುವುದು ಸುಮಾರು 300 ಕಿಲೋಮೀಟರ್ ದೂರದ ಶಿವಮೊಗ್ಗ.

ನಿಮಗೆ ಆದೇಶ ಕೊಟ್ಟ ನ್ಯಾಯಾಲಯಕ್ಕೇ ಮಾರ್ಪಾಡಿನ ಅರ್ಜಿ ಸಲ್ಲಿಸಿ. ನೇಮಕಾತಿ ಪತ್ರ, ಸೇರಿಸಬೇಕೆಂದಿರುವ ಶಾಲೆಯ ವಿವರ, ನೀವು ಕಾಲೇಜಿನಲ್ಲಿರುವಾಗ ಮಗಳನ್ನು ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆಂಬುದು ಅದರಲ್ಲಿರಲಿ. ಇವನ್ನೆಲ್ಲ ಹೆಚ್ಚಿನವರು ಬರೆಯುತ್ತಾರೆ. ಬರೆಯಲು ಮರೆಯುವುದು ಶನಿವಾರದ ವಿಷಯವನ್ನು. ವಾರಕ್ಕೆ ಎಂಟು ಗಂಟೆ ಮಗಳೊಂದಿಗೆ ಕಳೆಯುವ ತಂದೆಗೆ ಆ ಎಂಟು ಗಂಟೆಯ ಬದಲು ಏನು ಕೊಡುತ್ತೀರಿ ಎಂಬುದೇ ನ್ಯಾಯಾಧೀಶರು ಮೊದಲು ಕೇಳುವ ಪ್ರಶ್ನೆಯಾಗಿರುತ್ತದೆ. ‘ಯಾವಾಗ ಬೇಕಾದರೂ ಬಂದು ನೋಡಲಿ’ ಎಂಬುದು ಅದಕ್ಕೆ ಉತ್ತರವಲ್ಲ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ವಾರಾಂತ್ಯ ಮಗಳು ತಂದೆಯ ಮನೆಯಲ್ಲೇ ರಾತ್ರಿ ಉಳಿಯುತ್ತಾಳೆ, ಜನಶತಾಬ್ದಿ ರೈಲಿನಲ್ಲಿ ನಾನೇ ಕರೆತಂದು ಬಿಡುತ್ತೇನೆ, ಪ್ರಯಾಣದ ಖರ್ಚು ನನ್ನದು, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಅರ್ಧ ಅವರದು, ದಿನವೂ ನಿಗದಿತ ಹೊತ್ತಿಗೆ ವಿಡಿಯೊ ಕರೆ: ಹೀಗೆ ದಿನ, ಗಂಟೆ ಸಹಿತ ಬರೆಯಿರಿ. ಮಕ್ಕಳಿಗೆ ಇಬ್ಬರೂ ಪೋಷಕರ ಒಡನಾಟ ಬೇಕೆಂದೂ, ದೂರವಿದ್ದಾಗ ವಿಡಿಯೊ ಕರೆಯಂಥ ಸಂಪರ್ಕಕ್ಕೆ ಅವಕಾಶವಿರಬೇಕೆಂದೂ ಸುಪ್ರೀಂ ಕೋರ್ಟ್ 2020ರ ತೀರ್ಪೊಂದರಲ್ಲಿ ಹೇಳಿದೆ.

ಅರ್ಜಿಗೂ ಮುಂಚೆ ಮಗಳ ತಂದೆಯೊಡನೆ ಒಮ್ಮೆ ಮಾತನಾಡುವುದು ಒಳ್ಳೆಯದು. ಅವರು ಒಪ್ಪಿದರೆ ಇಬ್ಬರೂ ಸಹಿ ಹಾಕಿದ ಜಂಟಿ ಮೆಮೊ ಸಲ್ಲಿಸಿ ಆದೇಶ ಪಡೆಯಬಹುದು. ವಾಟ್ಸ್ಆ್ಯಪ್‌ನಲ್ಲಿ ‘ಸರಿ’ ಎಂದು ಬಂದ ಉತ್ತರ ನ್ಯಾಯಾಲಯದ ಅನುಮತಿಗೆ ಸಮವಲ್ಲ. ಒಪ್ಪದಿದ್ದರೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುವಂತೆ ನೀವೇ ಕೋರಬಹುದು.

ನ್ಯಾಯಾಧೀಶರು ಮಗಳನ್ನು ಕೊಠಡಿಗೆ ಕರೆದು ಮಾತನಾಡಿಸಬಹುದು. ಏನು ಹೇಳಬೇಕೆಂದು ಅವಳಿಗೆ ಕಲಿಸಿಕೊಡಬೇಡಿ. ಬಾಯಿಪಾಠ ಮಾಡಿಸಿದ ಮಾತು ಎರಡನೆಯ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ, ಮತ್ತು ಅಪ್ಪ ಅಮ್ಮಂದಿರಲ್ಲಿ ಒಬ್ಬರನ್ನು ಆರಿಸುವ ಭಾರ ಎಂಟು ವರ್ಷದ ಹೆಗಲಿಗೆ ಬೀಳಬಾರದು.

ನ್ಯಾಯಾಲಯದ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಶಾಲೆಗಳೂ ತೆರೆಯುವುದರಿಂದ ಅರ್ಜಿಯನ್ನು ರಜೆಗೆ ಮೊದಲೇ ಹಾಕಿ, ಶಾಲಾ ಪ್ರವೇಶದ ಕಾರಣ ನೀಡಿ ಶೀಘ್ರ ವಿಚಾರಣೆ ಕೇಳಿ. ಕೆಲಸಕ್ಕೆ ಸೇರಲು ಕಾಲಾವಕಾಶ ಕೋರಿ ಕಾಲೇಜಿಗೂ ಪತ್ರ ಬರೆಯಿರಿ. ಅರ್ಜಿ ತಿರಸ್ಕೃತವಾದರೆ 30 ದಿನಗಳೊಳಗೆ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸುವ ವಿಚಾರವನ್ನು ನಿಮ್ಮ ವಕೀಲರೊಡನೆ ಚರ್ಚಿಸಿ. ಹೊಸ ಆದೇಶ ಕೈಗೆ ಬರುವವರೆಗೆ ಪ್ರತಿ ಶನಿವಾರ ಹತ್ತು ಗಂಟೆಗೆ ಮಗಳು ಎಂದಿನಂತೆ ತಂದೆಯ ಬಳಿ ಇರಲಿ.